ಮೆಹರ್ ಬಾನು ಕಳಿಸುತ್ತಿದ್ದ ಹಿನ್ನೀರು

ಮೆಹರ್ ಬಾನು ಮದುವೆಯಾಗಿ ನರಸಿಂಹರಾಜಪುರಕ್ಕೆ ಬಂದು ಎಷ್ಟೋ ವರ್ಷಗಳ ತನಕ ಮನೆಯ ಹಿಂದಿನ ನೀರನ್ನು ಸರಿಯಾಗಿ ನೋಡಿರಲೇ ಇಲ್ಲ. ಪೇಟೆ ಬೀದಿಯಿಂದ ಇಳಿಯುವ ಓಣಿಯ ಕೊನೆಯ ಮನೆ ಅವಳದು. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಬೇಲಿ, ಬೇಲಿಯಾಚೆ ಭದ್ರಾ ಅಣೆಕಟ್ಟಿನ ಹಿನ್ನೀರು, ಅದರೊಳಗೆ ಅಲ್ಲಲ್ಲಿ ತಲೆಯೆತ್ತಿ ನಿಂತ ಗುಡ್ಡಗಳು. ಹೊರಗಿನಿಂದ ಬಂದವರು ಅವನ್ನು ದ್ವೀಪ ಎನ್ನುತ್ತಾರೆ. ಓಣಿಯವರಿಗೆ ಅವು ಗುಡ್ಡಗಳೇ. ಮಳೆಗಾಲದಲ್ಲಿ ನೀರು ಬೇಲಿಯ ಬುಡಕ್ಕೇ ಬರುತ್ತದೆ. ಬೇಸಿಗೆಯಲ್ಲಿ ಹಿಂದೆ ಸರಿಯುತ್ತ ಹೋಗಿ, ಹುಡುಗರು ಕ್ರಿಕೆಟ್ ಆಡುವಷ್ಟು ಬಯಲು ಬಿಟ್ಟುಕೊಡುತ್ತದೆ.

ಅವಳ ತಂದೆ ಗುಲಾಮ್ ಹುಸೇನರದು ಕೊಪ್ಪದ ಬಸ್‌ಸ್ಟ್ಯಾಂಡ್ ಪಕ್ಕ ಬಳೆ ಅಂಗಡಿ. ಬಸ್ಸಿನ ಹಾರನ್, ಗಿರಾಕಿಗಳ ಚೌಕಾಸಿಯ ನಡುವೆ ಬೆಳೆದವಳಿಗೆ ಆ ನೀರು ಎಂದರೆ ಸೊಳ್ಳೆ, ಗೋಡೆಗೆ ಏರುವ ಶೀತ, ಮಗಳು ಶಬಾನ ಅತ್ತ ತೆವಳಿಕೊಂಡು ಹೋದಾಳೆಂಬ ಭಯ. ಹಿಂಬಾಗಿಲಿಗೆ ಸದಾ ಚಿಲಕ ಹಾಕಿರುತ್ತಿತ್ತು.

ಗಂಡ ಹಸೀಬ್ ಮಾತ್ರ ಆ ನೀರಿನಲ್ಲೇ ಈಜು ಕಲಿತವನು. ಶಬಾನಳಿಗೆ ಹಲ್ಲು ಮೂಡುವ ಹೊತ್ತಿಗೆ ಅವನು ಸೌದಿಗೆ ಹೋದ. ಅಲ್ಲಿ ಮರಳುಗಾಡಿನ ನಡುವಿನ ಕೆಲಸಗಾರರ ಕ್ಯಾಂಪುಗಳಿಗೆ ಕುಡಿಯುವ ನೀರು ಸಾಗಿಸುವ ಟ್ಯಾಂಕರ್ ಓಡಿಸುತ್ತಿದ್ದ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ. ಬಂದಾಗ ಮನೆ ತುಂಬ ನೆಂಟರು. ನೆಂಟರೆಲ್ಲ ಹೋಗಿ ಗಂಡನ ಪರಿಚಯ ಮಾಡಿಕೊಳ್ಳೋಣ ಎನ್ನುವಷ್ಟರಲ್ಲಿ ಅವನ ಸೂಟ್‌ಕೇಸ್ ಕಟ್ಟುವ ದಿನ ಬಂದುಬಿಡುತ್ತಿತ್ತು. ಫೋನಿನಲ್ಲಿ ಮಾತಾಡುತ್ತಿದ್ದರು, ನಿಜ. ಮಗಳಿಗೆ ಜ್ವರ ಬಿಟ್ಟಿತಾ, ಗ್ಯಾಸ್ ಬಂತಾ, ಮಳೆಗೆ ಮುಂಚೆ ಮಾಡಿನ ಹೆಂಚು ಕೈಯಾಡಿಸಿಯಾಯಿತಾ. ಅಷ್ಟು ಮುಗಿದ ಮೇಲೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ.

"ಮತ್ತೆ?" ಎನ್ನುತ್ತಿದ್ದ ಅವನು.

"ಮತ್ತೆಂತ ಇಲ್ಲ," ಎನ್ನುತ್ತಿದ್ದಳು ಇವಳು.

ಒಂದು ರಜೆಯಲ್ಲಿ ಹಸೀಬ್ ಅವಳಿಗೆ ಕ್ಯಾಮರಾ ಇರುವ ಒಳ್ಳೆಯ ಫೋನು ತಂದುಕೊಟ್ಟು ಹೋದ. ಅವನು ಹೋದ ಮೇಲೆ, ಶಾಲೆ ಶುರುವಾದ ದಿನ, ಹೊಸ ಯೂನಿಫಾರ್ಮ್ ಹಾಕಿಕೊಂಡ ಶಬಾನಳನ್ನು ಹಿಂಬಾಗಿಲಲ್ಲಿ ನಿಲ್ಲಿಸಿ ಮೆಹರ್ ಬಾನು ಒಂದು ಫೋಟೊ ತೆಗೆದು ಕಳಿಸಿದಳು. ಯೂನಿಫಾರ್ಮನ್ನು ಅವಳೇ ಹೊಲಿದಿದ್ದಳು. ಗಂಡ ಅದನ್ನು ಹೊಗಳಲಿ ಎಂಬ ಆಸೆ. ಸ್ವಲ್ಪ ಹೊತ್ತಿಗೆ ಅವನ ವಾಯ್ಸ್ ಮೆಸೇಜ್ ಬಂತು.

"ಶಬಾನ ಚಂದ ಕಾಣ್ತಿದಾಳೆ. ಬಾನು, ಅವಳ ಹಿಂದೆ ಬಲಗಡೆ ಕಾಣೋದು ಒಂಟಿಮರದ ಗುಡ್ಡ ಅಲ್ದಾ? ನೀರು ಆಗ್ಲೇ ಅಲ್ಲಿವರೆಗೆ ಬಂದಿದ್ಯಾ? ಸ್ವಲ್ಪ ಬೇಲಿ ದಾಟಿ ನಿಂತು ಇನ್ನೊಂದು ತೆಗಿ ಮಾರಾಯ್ತಿ."

ಅವಳು ಬೇಲಿ ದಾಟಿದಳು. ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು. ನೀರಿನ ಮೇಲೆ ಮೋಡದ ಬೆಳಕು ಬಿದ್ದು, ಗುಡ್ಡ ಯಾವುದು ನೆರಳು ಯಾವುದು ತಿಳಿಯದ ಹಾಗಿತ್ತು. ಫೋಟೊ ಸೊಟ್ಟಗೆ ಬಂತು. ಅದನ್ನೇ ಕಳಿಸಿದಳು. ಆ ದಿನ ಹಸೀಬ್ ಮೂರು ಸಲ ಮಾತು ಕಳಿಸಿದ. ಆ ಗುಡ್ಡದ ತುದಿಯ ಮರ ಹುಣಸೆಮರ, ಅದಕ್ಕೆ ಎಲೆ ಇದೆಯಾ ಒಣಗಿದೆಯಾ ನೋಡು ಎಂದ. ಅದರ ಎಡಕ್ಕೆ ಎಮ್ಮೆ ಮಲಗಿದ ಹಾಗೆ ಕಾಣುವುದು ಎಮ್ಮೆಗುಡ್ಡ ಎಂದ. ನೀರಿನಲ್ಲಿ ನಿಂತಿರುವ ಒಣ ಬೊಡ್ಡೆಗಳು ಅಣೆಕಟ್ಟು ಕಟ್ಟುವ ಮೊದಲಿನ ಕಾಡಿನವು, ಅವುಗಳ ಮೇಲೆ ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುತ್ತ ಕೂರುತ್ತದೆ ಎಂದ. ಮದುವೆಯಾದಾಗಿನಿಂದ ಅವನು ಒಂದೇ ದಿನ ಅಷ್ಟು ಮಾತಾಡಿದ್ದು ಅದೇ ಮೊದಲು.

ಅವರ ಮನೆಮಾತು ಉರ್ದು. ಆದರೆ ಹಸೀಬ್ ನೀರಿನ ವಿಷಯಕ್ಕೆ ಬಂದಾಗ ತನಗರಿವಿಲ್ಲದೆ ಕನ್ನಡಕ್ಕೆ ತಿರುಗುತ್ತಿದ್ದ. ಗುಡ್ಡದ ಹೆಸರು, ಮೀನಿನ ಹೆಸರು, ಈಜುವಾಗಿನ ಬೈಗುಳ ಎಲ್ಲವನ್ನೂ ಅವನು ದಡದ ಹುಡುಗರ ಜೊತೆ ಕನ್ನಡದಲ್ಲೇ ಕಲಿತಿದ್ದ. ಗ್ಯಾಸು, ಜ್ವರ, ಹೆಂಚಿನ ಉರ್ದುವಿಗಿಂತ ಈ ಕನ್ನಡದಲ್ಲಿ ಅವನ ದನಿ ಹಗುರಾಗಿರುತ್ತಿತ್ತು. ಅವಳಿಗೆ ಆ ದನಿ ಬೇಕಾಯಿತು. ಅಂದಿನಿಂದ ಹಿಂಬಾಗಿಲಿನ ಚಿಲಕ ದಿನಾ ಸಂಜೆ ತೆರೆಯತೊಡಗಿತು.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ದುಪಟ್ಟಾ ತಲೆಗೆಳೆದುಕೊಂಡು, ಹೊಲಿಗೆ ಮಿಶನ್ನಿಗೆ ಬಟ್ಟೆ ಮುಚ್ಚಿ ಅವಳು ದಡಕ್ಕೆ ಹೋಗುತ್ತಿದ್ದಳು. ಮೊದಮೊದಲು ಬರೀ ನೀರು, ಗುಡ್ಡ. ಆಮೇಲೆ ಹಸೀಬ್ ಕೇಳತೊಡಗಿದ, "ಓಣಿಯ ಬಾಯಲ್ಲಿ ಈಗ ಯಾರ ಅಂಗಡಿ ಇದೆ?" "ಮಸೀದಿ ಗೋಡೆಗೆ ಬಣ್ಣ ಹೊಡೆದ್ರಾ?" ಅವಳು ಅದನ್ನೂ ತೆಗೆದಳು. ದಡದಲ್ಲಿ ಬೋರಲು ಹಾಕಿದ ದುಂಡನೆಯ ತೆಪ್ಪ, ಅದರ ನೆರಳಲ್ಲಿ ಮಲಗಿದ ನಾಯಿ. ಬಲೆ ಬಿಡಿಸುತ್ತ ಕೂತ ಗಂಡಸರ ಬೆನ್ನು. ಬೇಲಿಗೆ ಒಣಹಾಕಿದ ಮಕ್ಕಳ ಚಡ್ಡಿಗಳ ಸಾಲು, ಅದರ ಹಿಂದೆ ಎಮ್ಮೆಗುಡ್ಡ. ಮಾರ್ಚಿನಲ್ಲಿ ನೀರು ಇಳಿದಾಗ ಬಿರಿದ ಕೆಸರು, ಆ ಬಿರುಕಿನಲ್ಲಿ ಚಿಗುರಿದ ಹುಲ್ಲು. ಯಾವ ಬೆಳಕಿನಲ್ಲಿ ನಿಂತರೆ ಗುಡ್ಡ ಕಪ್ಪಾಗುತ್ತದೆ, ಯಾವಾಗ ಹಸಿರಾಗುತ್ತದೆ ಎನ್ನುವುದು ಅವಳ ಕಣ್ಣಿಗೆ ತಾನಾಗಿ ಬಂತು. ಓಣಿಯವರು ಮೊದಲು ನಕ್ಕರು. "ಗಂಡನಿಗೆ ಊರನ್ನೇ ಪಾರ್ಸಲ್ ಮಾಡ್ತಿದೀಯಲ್ಲ!" ಎಂದರು. ಆಮೇಲೆ ರೂಢಿಯಾಯಿತು. ಅವಳು ಬಂದರೆ ಹುಡುಗರು ತಾವಾಗಿಯೇ ಒಂದು ಕಡೆ ಸರಿದು ನಿಲ್ಲುತ್ತಿದ್ದರು.

ಹೀಗೆ, ಅವನು ಹುಟ್ಟಿದ ದಡವನ್ನು ಕೊಪ್ಪದ ಹೆಣ್ಣಿಗೆ ಅವನೇ ಸಮುದ್ರದಾಚೆಯಿಂದ ಕಲಿಸಿಕೊಟ್ಟ. ಅವರಿಬ್ಬರ ಸಂಸಾರ ನಿಜವಾಗಿ ಶುರುವಾದದ್ದು ಆಗಲೇ ಎಂದು ಮೆಹರ್ ಬಾನು ಈಗಲೂ ಹೇಳುತ್ತಾಳೆ.

ಒಂದು ಸಂಜೆ ಹಸೀಬ್ ಕೇಳಿದ, "ಬಾನು, ಒಂಟಿಮರದ ಗುಡ್ಡದ ಮೇಲಿಂದ ನಮ್ಮ ಮನೆ ಹೆಂಗೆ ಕಾಣುತ್ತೆ ಅಂತ ನೋಡ್ಬೇಕು ಅನ್ನಿಸ್ತಿದೆ. ಚಿಕ್ಕವನಿದ್ದಾಗ ಈಜಿ ಅಲ್ಲಿ ಹೋಗಿ ಕೂರ್ತಿದ್ದೆ. ಅಮ್ಮಿ ಹಿಂಬಾಗಿಲಲ್ಲಿ ನಿಂತು ಕೂಗೋದು ಕಾಣೋದು, ಕೇಳ್ತಿರಲಿಲ್ಲ."

ಅವಳಿಗೆ ಈಜು ಬರುವುದಿಲ್ಲ. ತೆಪ್ಪ ಹತ್ತಿದವಳೂ ಅಲ್ಲ. ಅವಳ ಹತ್ತಿರ ರವಿಕೆ ಹೊಲಿಸುತ್ತಿದ್ದ ವನಜಮ್ಮನ ಗಂಡ ಮಂಜಪ್ಪನಿಗೆ ದಡದಲ್ಲಿ ಒಂದಿಷ್ಟು ಗದ್ದೆ, ಮೀನು ಹಿಡಿಯಲು ಒಂದು ತೆಪ್ಪ ಇತ್ತು. ಅವಳು ವನಜಮ್ಮನನ್ನು ಕೇಳಿದಳು.

"ಅದಕ್ಕೆಂತ, ನಾನೂ ಬರ್ತೀನಿ ನಡಿ," ಎಂದಳು ವನಜಮ್ಮ. "ಇಷ್ಟು ವರ್ಷ ಇವರ ತೆಪ್ಪದ ಮೀನು ತಿಂದಿದೀನೇ ಹೊರತು ಒಂದು ದಿನ ಹತ್ತಿಲ್ಲ."

ತೆಪ್ಪ ಗಿರಗಿರ ತಿರುಗಿದಾಗ ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಿರುಚಿದರು. "ಅಲ್ಲಾಡ್ಬೇಡಿ ಮಾರಾಯ್ರೆ, ಮೀನಿಗೆ ನಗು ಬರ್ತದೆ," ಎಂದ ಮಂಜಪ್ಪ. ಗುಡ್ಡದ ಕಲ್ಲುಗಳ ಮೇಲೆ ಕಪ್ಪು ಟೊಪ್ಪಿಗೆ ಹಾಕಿದಂಥ ತಲೆಯ, ಹಳದಿ ಕೊಕ್ಕಿನ ಬಿಳಿ ಹಕ್ಕಿಗಳು ಮೊಟ್ಟೆಯಿಟ್ಟಿದ್ದವು. ಅವು ತಲೆಯ ಮೇಲೆ ಎರಗಿ ಎರಗಿ ಕೂಗಿದ್ದರಿಂದ ಮಂಜಪ್ಪ ಅವರನ್ನು ಬೇರೆ ಕಡೆಯಿಂದ ಹತ್ತಿಸಿದ. ಹುಣಸೆಮರದ ಬುಡದಲ್ಲಿ ನಿಂತು ಮೆಹರ್ ಬಾನು ತಿರುಗಿ ನೋಡಿದಳು. ನೀರಿನಾಚೆ ಓಣಿಯಿಡೀ ಒಂದು ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಕೊನೆಯಲ್ಲಿ ತನ್ನ ಮನೆ, ಮಾಡಿನ ಮೇಲೆ ನೀಲಿ ತಾಡಪತ್ರಿ, ತೆರೆದೇ ಬಿಟ್ಟು ಬಂದ ಹಿಂಬಾಗಿಲಿನ ಕಪ್ಪು ಚೌಕ. ದಿನವಿಡೀ ತಾನು ಓಡಾಡುವ ಜಾಗ ಅಷ್ಟು ಸಣ್ಣದು, ಅಷ್ಟು ದೂರದ್ದು. ದೂರದಲ್ಲಿರುವವನಿಗೆ ಮನೆ ಹೀಗೆ ಕಾಣುತ್ತದೆ ಎಂದು ಅವಳಿಗೆ ಆಗ ಹೊಳೆಯಿತು. ಫೋಟೊ ತೆಗೆದಳು.

ಅದಕ್ಕೆ ಉತ್ತರ ತಡವಾಗಿ ಬಂತು. ಮೆಸೇಜಿನಲ್ಲಿ ಮೊದಲು ಬರೀ ಗಾಳಿಯ ಸದ್ದು, ಟ್ಯಾಂಕರಿನ ಇಂಜಿನ್ನಿನ ಸದ್ದು. ಕೊನೆಯಲ್ಲಿ ಅವನೆಂದ, "ನಾನು ಪೂರ್ತಿ ಬಂದ್ಮೇಲೆ ಇಬ್ಬರೂ ಹೋಗಾಣ."

ಅವನು ಪೂರ್ತಿ ಬಂದದ್ದು ಶಬಾನ ಓದು ಮುಗಿಸಿ, ಶೃಂಗೇರಿಯ ಒಂದು ಶಾಲೆಯಲ್ಲಿ ಟೀಚರ್ ಆಗಿ, ಅಲ್ಲೇ ಮದುವೆಯೂ ಆದ ಮೇಲೆ. ಕೂದಲು ನರೆತಿತ್ತು, ಸಕ್ಕರೆ ಕಾಯಿಲೆ ಹತ್ತಿಕೊಂಡಿತ್ತು. ಅವನು ಬಂದ ವಾರ ಮೆಹರ್ ಬಾನು ಹಿಂಬಾಗಿಲಿನ ಚಿಲಕವನ್ನು ಹಾಕಲೇ ಇಲ್ಲ. ಅವನು ಬಾಗಿಲಲ್ಲಿ ನಿಂತು ನೀರು ನೋಡಿದ. "ಎಲ್ಲ ನೀನು ಕಳಿಸಿದ ಹಾಗೇ ಇದೆ," ಎಂದು ಉರ್ದುವಿನಲ್ಲಿ ಹೇಳಿ ಒಳಗೆ ಬಂದ.

ಫೆಬ್ರವರಿಯ ಒಂದು ದಿನ ಅವಳೇ ಮಂಜಪ್ಪನನ್ನು ಕೇಳಿ ತೆಪ್ಪ ಹೊರಡಿಸಿದಳು. ವನಜಮ್ಮ ಬರಲಿಲ್ಲ. "ಗಂಡ ಬಂದಿದಾನಲ್ಲ, ನಾನೆಂತಕ್ಕೆ ನಡುವೆ?" ಎಂದು ನಕ್ಕಳು. ಗುಡ್ಡ ಹತ್ತುವಾಗ ಹಸೀಬನಿಗೆ ಏದುಸಿರು ಬಂತು. ಹುಣಸೆಮರದ ಬುಡದಲ್ಲಿ ಕೂತು ಅವನು ಓಣಿಯ ಕಡೆ ನೋಡಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಹ್ಞೂಂ, ಕಾಣುತ್ತೆ," ಎಂದ.

ಅಷ್ಟರಲ್ಲಿ ಅವನ ಜೇಬಿನ ಫೋನು ಸದ್ದು ಮಾಡಿತು. ತೆಗೆದು ನೋಡಿದ. ನೋಡುತ್ತ ನೋಡುತ್ತ ಅವನ ಮುಖದಲ್ಲಿ ಒಂದು ನಗು ಬಂತು. ಊರಿಗೆ ಬಂದಾಗಿನಿಂದ ಅವಳು ಕಂಡಿರದ ನಗು. ಅವಳು ಬಗ್ಗಿ ನೋಡಿದಳು. ಟ್ಯಾಂಕರಿನ ಬಾನೆಟ್ಟಿನ ಮೇಲೆ ಒಂದು ಬೆಕ್ಕು ಕಾಲು ಚಾಚಿ ಮಲಗಿದ ಫೋಟೊ. ಅಲ್ಲಿ ಅವನ ಜೊತೆ ಒಂದೇ ರೂಮಿನಲ್ಲಿದ್ದ, ಬೀದರ್ ಕಡೆಯ ಮುಸವ್ವಿರ್ ಕಳಿಸಿದ್ದು. ಈಗ ಆ ಟ್ಯಾಂಕರ್ ಓಡಿಸುವವನು ಅವನೇ. ಹಸೀಬ್ ಆ ಫೋಟೊವನ್ನು ಬೆರಳಿಂದ ದೊಡ್ಡದು ಮಾಡಿ, ಬೆಕ್ಕಿನ ಹಿಂದೆ ಕಾಣುವ ರಸ್ತೆಯನ್ನು ನೋಡತೊಡಗಿದ. ಹಕ್ಕಿಗಳು ಕೂಗುತ್ತಿದ್ದವು. ಅವನು ತಲೆಯೆತ್ತಲಿಲ್ಲ.

ಬರುವಾಗ ತೆಪ್ಪದಲ್ಲಿ ಮೆಹರ್ ಬಾನು ಒಂದೂ ಫೋಟೊ ತೆಗೆಯಲಿಲ್ಲ. ಮನೆಗೆ ಬಂದು ಫೋನನ್ನು ಕಪಾಟಿನಲ್ಲಿಟ್ಟಳು. ಯಾರಾದರೂ ಫೋನ್ ಮಾಡಿದರೆ ತೆಗೆಯುವುದು, ಮತ್ತೆ ಅಲ್ಲೇ ಇಡುವುದು. ಸಂಜೆಗಳಲ್ಲಿ ಹೊಲಿಗೆ ಮಿಶನ್ನಿನ ಮುಂದೆಯೇ ಕೂತಿರುತ್ತಿದ್ದಳು.

ರವಿಕೆ ತೆಗೆದುಕೊಂಡು ಹೋಗಲು ಬಂದ ವನಜಮ್ಮ ಕೇಳಿದಳು, "ಎಂತ ಬಾನು, ಈಗೀಗ ದಡದ ಕಡೆ ಕಾಣೋದೇ ಇಲ್ಲ?"

"ಯಾರಿಗೆ ಕಳಿಸ್ಲಿ ವನಜಕ್ಕ?"

"ಅಯ್ಯೋ, ಅವನೇ ಬಂದಾಯ್ತಲ್ಲೆ!"

"ಅದೇ," ಎಂದಳು ಮೆಹರ್ ಬಾನು. ವನಜಮ್ಮ ಅವಳ ಭುಜ ಒಮ್ಮೆ ಹಿಡಿದು ಹೋದಳು.

ಹಸೀಬನಿಗೂ ಮಾಡಲು ಕೆಲಸವಿರಲಿಲ್ಲ. ಮಧ್ಯಾಹ್ನದ ಹೊತ್ತು ಹಿಂಬಾಗಿಲಿನ ಮೆಟ್ಟಿಲ ಮೇಲೆ ನೀರಿಗೆ ಮುಖ ಮಾಡಿ ಕೂರುತ್ತಿದ್ದ. ಕಣ್ಣು ಮಾತ್ರ ಫೋನಿನಲ್ಲಿ. ಮೊದಲು ಅವಳಿಗೆ ಸಿಟ್ಟು ಬಂತು. ಆಮೇಲೆ, ಆ ಬಗ್ಗಿದ ಬೆನ್ನನ್ನು ದಿನಾ ನೋಡುತ್ತ, ಅದು ಎಲ್ಲೋ ಕಂಡ ಬೆನ್ನು ಅನ್ನಿಸಿತು. ಎಷ್ಟೋ ವರ್ಷ ದಡದಲ್ಲಿ ಫೋನಿಗೆ ಬಗ್ಗಿ ಉತ್ತರಕ್ಕೆ ಕಾದು ನಿಂತ ತಾನೂ ಬೇರೆಯವರ ಕಣ್ಣಿಗೆ ಹೀಗೆಯೇ ಕಂಡಿರಬೇಕು. ಒಂದು ದಿನ ಅವಳು ಕೈಯ ಸೂಜಿದಾರ ಬಿಟ್ಟು ಹೋಗಿ ಅವನ ಪಕ್ಕ ಕೂತಳು.

"ಅಲ್ಲಿರುವಾಗ ನೀವು ಒಂದೂ ಫೋಟೊ ಕಳಿಸ್ಲಿಲ್ಲ," ಎಂದಳು.

"ಅಲ್ಲಿ ಎಂತ ಇದೆ ಅಂತ ಕಳಿಸೋದು? ಬರೀ ಮರಳು."

"ಮತ್ತೆ ಈಗ ಎಂತ ನೋಡ್ತೀರಿ?"

ಅವನು ಫೋನನ್ನು ಅವಳ ಕಡೆ ತಿರುಗಿಸಿದ. ಒಂದು ನೇರ ರಸ್ತೆ, ಎರಡೂ ಕಡೆ ಮರಳು. "ಈ ಕಂಬ ಕಾಣುತ್ತಲ್ಲ, ಇಲ್ಲಿ ಬಂದಾಗ ಬೆಳಗಾಗ್ತಿತ್ತು. ದಿನಾ. ಈ ಕಂಬದಿಂದ ಮುಂದೆ ಲೈಟ್ ಆಫ್ ಮಾಡ್ತಿದ್ದೆ." ಇನ್ನೊಂದು ಫೋಟೊ: ಕಬ್ಬಿಣದ ಮಂಚಗಳು ಒಂದರ ಮೇಲೊಂದು, ಗೋಡೆಗೆ ನೇತುಹಾಕಿದ ಅಂಗಿಗಳು. "ಕೆಳಗಿಂದು ನಂದು. ಈಗ ಯಾರೋ ನೇಪಾಳದ ಹುಡುಗ ಇದಾನಂತೆ." ಅವನು ಹೇಳುತ್ತಲೇ ಹೋದ, ಉರ್ದುವಿನಲ್ಲಿ, ನಡುನಡುವೆ ಅವಳಿಗೆ ತಿಳಿಯದ ಅರಬ್ಬಿ ಮಾತು ಸೇರಿಸಿ. ಅವಳು ಒಂದೊಂದನ್ನೂ ಕೇಳಿದಳು. ಈ ಚಹಾದಂಗಡಿಯವನು ಯಾರು? ಬೆಕ್ಕಿಗೆ ಹೆಸರಿದೆಯಾ? ಗಾಳಿ ಎದ್ದರೆ ರಸ್ತೆ ಗೊತ್ತಾಗುವುದು ಹೇಗೆ? ಅರ್ಧ ಆಯುಷ್ಯ ಅವನು ಬದುಕಿದ ಊರು, ಒಂದು ದಿನವೂ ಅವಳು ಆ ಊರಿನ ಬಗ್ಗೆ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

"ಮುಸವ್ವಿರ್ ಕೇಳ್ತಾನೆ, ಭಾಭಿಯ ನೀರು ನಿಂತುಹೋಯ್ತಾ ಅಂತ," ಎಂದ ಹಸೀಬ್ ಕೊನೆಗೆ, ಸ್ವಲ್ಪ ಹೆದರುತ್ತ. "ನೀನು ಕಳಿಸಿದ್ದನ್ನ ರೂಮಲ್ಲಿ ಎಲ್ಲರಿಗೂ ತೋರಿಸ್ತಿದ್ದೆ. ನಿಂದು, ಶಬಾನಂದು ಯಾವುದೂ ತೋರಿಸಿಲ್ಲ. ನೀರು ಮಾತ್ರ. ಡ್ಯೂಟಿ ಮುಗಿಸಿ ಬಂದು ಮೊದಲು ಅದನ್ನೇ ಕೇಳೋರು, ಇವತ್ತು ನೀರು ಎಲ್ಲಿವರೆಗೆ ಬಂತು ಅಂತ."

ಅವಳಿಗೆ ಏನು ಅನ್ನಿಸಬೇಕೋ ತಿಳಿಯಲಿಲ್ಲ. ಒಬ್ಬನಿಗೆಂದು ಕಳಿಸಿದ್ದನ್ನು ಇಷ್ಟು ಜನ ನೋಡಿದ್ದಾರೆ ಎಂಬ ಸಂಕೋಚ, ಆ ಇಷ್ಟು ಜನಕ್ಕೂ ಸಂಜೆಯ ಹೊತ್ತು ತನ್ನ ನೀರು ಬೇಕಿತ್ತು ಎಂಬ ಬೆರಗು. ಅವತ್ತು ಫೋನು ಕಪಾಟಿನಿಂದ ಹೊರಗೆ ಬಂತು. ಅವಳು ತೆಗೆದುಕೊಟ್ಟ ಫೋಟೊವನ್ನು ಹಸೀಬ್ ರೂಮಿನವರಿಗೆ ಕಳಿಸಿದ. ಅಲ್ಲಿಂದ ಹೂವು, ಕೈಮುಗಿದ ಚಿತ್ರಗಳು ಬಂದವು. ಅವಳು ಸಂತೋಷಪಟ್ಟಳು. ಆದರೂ ಅವಳು ಕಾದದ್ದು ಹೂವಿಗಲ್ಲ. ಹುಣಸೆಮರಕ್ಕೆ ಎಲೆ ಬಂತಾ ಎಂದು ಕೇಳುವ ದನಿ ಈಗ ಪಕ್ಕದಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿತ್ತು. ಮರ ಕಣ್ಣೆದುರೇ ಇರುವಾಗ ಅವನು ಕೇಳುವುದಾದರೂ ಯಾಕೆ?

ಮಳೆಗಾಲ ಕಳೆದ ಮೇಲೆ ಹಸೀಬ್ ಒಂದು ಸೆಕೆಂಡ್‌ಹ್ಯಾಂಡ್ ಪಿಕಪ್ ಗಾಡಿ ತೆಗೆದುಕೊಂಡ. ಸ್ಟಿಯರಿಂಗ್ ಹಿಡಿಯದೆ ಕೈ ಜಡ್ಡುಗಟ್ಟುತ್ತಿದೆ ಎಂದ. ಕೊಪ್ಪದಿಂದ ಗೊಬ್ಬರದ ಚೀಲ, ಪೈಪು ಹೇರಿಕೊಂಡು ಭಂಡಿಗಡಿ, ಹಿರೇಕೊಡಿಗೆ, ಬೇಗಾರಿನ ಕಡೆಯ ತೋಟಗಳಿಗೆ ಇಳಿಸಿ ಬರುವ ಬಾಡಿಗೆ. ಬೆಳಿಗ್ಗೆ ಹೋದರೆ ಕತ್ತಲಾಗುವ ಮುಂಚೆ ಬರುತ್ತಿದ್ದ.

ಮೊದಲ ದಿನ ಅವನು ಹೋದ ಮೇಲೆ ಮನೆ ಹಳೆಯ ಮನೆಯಂತಾಯಿತು. ಸಂಜೆ ಅವಳು ದಡಕ್ಕೆ ಹೋದಳು. ನೀರು ತುಂಬಿ ನಿಂತಿತ್ತು, ಎಮ್ಮೆಗುಡ್ಡದ ಬೆನ್ನು ಮಾತ್ರ ಹೊರಗಿತ್ತು. ಒಂದು ಫೋಟೊ ತೆಗೆದಳು. ಯಾರಿಗೆ ಎಂದು ಯೋಚಿಸದೆ, ಬೆರಳಿನ ಅಭ್ಯಾಸಕ್ಕೆ, ಅವನಿಗೇ ಕಳಿಸಿಬಿಟ್ಟಳು. ಆಮೇಲೆ ನಾಚಿಕೆಯಾಯಿತು. ಅವನಿರುವುದು ಕೊಪ್ಪದಲ್ಲಿ, ಇನ್ನೇನು ಬಂದೇ ಬಿಡುತ್ತಾನೆ.

ಫೋನು ಸದ್ದು ಮಾಡಿತು.

"ಎಮ್ಮೆ ಮುಳುಗೋಕೆ ಇನ್ನು ಒಂದು ಗೇಣೂ ಇಲ್ಲ ಅಲ್ದಾ? ನಾವು ಹುಡುಗ್ರು ಬೆಟ್ಸ್ ಕಟ್ತಿದ್ವಿ ಮಾರಾಯ್ತಿ, ಎಮ್ಮೆ ಯಾವ ದಿನ ಮುಳುಗುತ್ತೆ ಅಂತ. ಮಂಜಪ್ಪನೇ ಯಾವಾಗ್ಲೂ ಗೆಲ್ಲೋದು. ಇನ್ನೊಂದು ತೆಗಿ, ಸ್ವಲ್ಪ ಎಡಕ್ಕೆ ನಿಂತು."

ಕನ್ನಡ. ಅದೇ ಹಗುರಾದ ದನಿ. ಅವಳು ಬೇಲಿಯ ಕಲ್ಲಿನ ಮೇಲೆ ಕೂತು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಎಡಕ್ಕೆ ನಿಂತು ಇನ್ನೊಂದು ತೆಗೆದಳು.

ಅವತ್ತು ಮನೆಗೆ ಬಂದ ಹಸೀಬ್ ಕೈಕಾಲು ತೊಳೆದು ಊಟಕ್ಕೆ ಕೂತ. ಎಮ್ಮೆಗುಡ್ಡದ ಮಾತು ಇಬ್ಬರೂ ಎತ್ತಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದ ಅವನು. ಅವಳು ಉಪ್ಪು ತಂದಿಟ್ಟಳು.

ಹೀಗೆ ಕೆಲವು ವಾರ ನಡೆದ ಮೇಲೆ ಒಂದು ದಿನ ಅವಳು ಕಳಿಸುವ ಮೊದಲೇ ಅವನ ಕಡೆಯಿಂದ ಒಂದು ಫೋಟೊ ಬಂತು. ಅವನ ಹೆಬ್ಬೆರಳು ಮೂಲೆಯಲ್ಲಿ ಅರ್ಧ ಆಕಾಶ ಮುಚ್ಚಿತ್ತು. ಉಳಿದದ್ದರಲ್ಲಿ ಬೇಗಾರಿನ ಯಾವುದೋ ಅಂಗಳ, ಒಣಹಾಕಿದ ಅಡಿಕೆ, ಮಣೆಯ ಮೇಲೆ ಕೂತು ಕೋಲಿನಿಂದ ಕೋಳಿ ಓಡಿಸುತ್ತಿದ್ದ ಒಬ್ಬ ಮುದುಕ. ಅದು ಅವನು ಅವಳಿಗೆ ಕಳಿಸಿದ ಮೊದಲ ಫೋಟೊ. ಅವಳು ಅದನ್ನು ದೊಡ್ಡದು ಮಾಡಿ ಮೂಲೆಮೂಲೆ ನೋಡಿದಳು.

"ಆ ಅಜ್ಜ ಯಾರು?" ಎಂದು ಮಾತು ಕಳಿಸಿದಳು.

"ಪರಮಶಿವಯ್ಯ ಅಂತ. ತೋಟದ ಯಜಮಾನ್ರು. ಫೋಟೊ ಯಾರಿಗೆ ಕಳಿಸ್ತಿದೀಯ ಅಂತ ಕೇಳಿದ್ರು."

"ಎಂತ ಹೇಳಿದ್ರಿ?"

"ಮನೆಗೆ ಅಂದೆ."

ಆಮೇಲೆ ಅವನ ಫೋಟೊಗಳು ಆಗಾಗ ಬರತೊಡಗಿದವು. ಭಂಡಿಗಡಿಯ ತಿರುವಿನಲ್ಲಿ ಅಡ್ಡ ಬಿದ್ದ ಬಿದಿರು, ಗಾಡಿಯ ಕನ್ನಡಿಯಲ್ಲಿ ಹಿರೇಕೊಡಿಗೆಯ ಗದ್ದೆ, ಅವಳು ಹುಟ್ಟಿ ಬೆಳೆದ ಕೊಪ್ಪದ ಬಸ್‌ಸ್ಟ್ಯಾಂಡು. ಅದರ ಪಕ್ಕ ಅಬ್ಬಾನ ಬಳೆ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಅದನ್ನು ಕಂಡ ದಿನ ಅವಳು ಅತ್ತಳು. ಅತ್ತೆನೆಂದು ಅವನಿಗೆ ಮೆಸೇಜಿನಲ್ಲಿ ಹೇಳಿದಳು ಕೂಡ. ಎದುರಿಗಿದ್ದರೆ ಹೇಳುತ್ತಿರಲಿಲ್ಲ. ಅವನು ಗಾಡಿ ನಿಲ್ಲಿಸಿಕೊಂಡು ತುಂಬ ಹೊತ್ತು ಅವಳ ಜೊತೆ ಮಾತಾಡಿದ.

ಶುಕ್ರವಾರ ಗಾಡಿಗೆ ರಜೆ. ಹಸೀಬ್ ನಮಾಜು ಮುಗಿಸಿ ಬಂದು ಉಂಡು, ಹೊರಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಮಲಗುತ್ತಾನೆ. ಒಳಗೆ ಮೆಹರ್ ಬಾನು ಬಟ್ಟೆ ಹೊಲಿಯುತ್ತಿರುತ್ತಾಳೆ. ಚಹಾ ಕೊಡಲಾ ಎಂದು ಅವಳು ಕೇಳುತ್ತಾಳೆ, ಕೊಡು ಎಂದು ಅವನು ಹೇಳುತ್ತಾನೆ. ಹೊತ್ತು ಇಳಿಯುವಾಗ ಹಿಂಬಾಗಿಲಿನಲ್ಲಿ ಬೆಳಕು ಕೆಂಪಾಗಿ ಒಳಗೆ ಬರುತ್ತದೆ. ನೀರಿನ ಮೇಲೆ ಆ ಹೊತ್ತಿನ ಬೆಳಕು ಎಂಥದು ಎಂದು ಅವಳಿಗೆ ನೋಡದೆಯೂ ಗೊತ್ತು. ಅವಳು ಮಿಶನ್ನು ನಿಲ್ಲಿಸಿ, ಮಲಗಿದವನ ಕಡೆ ಒಮ್ಮೆ ನೋಡಿ, ನಾಳೆ ಅವನಿಗೆ ಯಾವ ಊರಿನ ಬಾಡಿಗೆ ಇದೆ ಎಂದು ನೆನಪು ಮಾಡಿಕೊಳ್ಳುತ್ತಾಳೆ.